ಸುಮಂತನಿಗೆ: ಪತ್ರಿಕೆಯ ಬರಹಗಳನ್ನು ಓದುವ ಬಗೆ

ಶಿವಮೊಗ್ಗ

ಚಿರಂಜೀವಿ ಸುಮಂತನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ. ಹಲ್ಮಿಡಿ ಶಾಸನದ ಕಾಲವನ್ನು ಕುರಿತ ನಿನ್ನ ಸೆಮಿನಾರ್ ಪ್ರಬಂಧದ ಕರಡನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ. ಆದರೆ ಅಡಿಟಿಪ್ಪಣಿಗಳಲ್ಲಿ ರಾಜ್ಯೋತ್ಸವದ ಪುರವಣಿಯ ಲೇಖನವನ್ನೂ ಸಂಶೋಧನ ಪತ್ರಿಕೆಯ ಲೇಖನವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದೀಯೆ. ಮೂವತ್ತು ವರ್ಷ ಕಾಲೇಜು ಗ್ರಂಥಾಲಯದಲ್ಲಿ ಪತ್ರಿಕೆಗಳ ಕಪಾಟು ಕಾದವನಾದ್ದರಿಂದ ಈ ಒಂದು ವಿಷಯ ಹೇಳದೆ ಬಿಡಲಾರೆ.

ಪುರವಣಿಯ ಲೇಖನ ಶಾಸನದ ಕಾಲ ಕ್ರಿ.ಶ. 450 ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಸಾಮಾನ್ಯ ಓದುಗನಿಗೆ ಅಷ್ಟು ಸಾಕು, ಅದು ಆ ಬರಹದ ತಪ್ಪಲ್ಲ. ಆದರೆ ಆ ಶಾಸನದಲ್ಲಿ ಕಾಲ ನಮೂದಾಗಿಯೇ ಇಲ್ಲ. ಲಿಪಿಯ ಸ್ವರೂಪ, ಭಾಷೆ, ಅದರಲ್ಲಿ ಬರುವ ಕದಂಬ ದೊರೆ ಕಾಕುಸ್ಥನ ಹೆಸರು ಇವುಗಳ ಆಧಾರದ ಮೇಲೆ ವಿದ್ವಾಂಸರು ಮಾಡಿದ ತರ್ಕ ಅದು. ಅದನ್ನು ಒಪ್ಪದವರೂ ಇದ್ದಾರೆ. ನಿನ್ನ ಪ್ರಬಂಧದ ವಿಷಯವೇ ಆ ತರ್ಕವಾಗಿರುವಾಗ, ತೀರ್ಮಾನವನ್ನಷ್ಟೇ ಹೇಳುವ ಬರಹವನ್ನು ಆಧಾರವಾಗಿ ಕೊಟ್ಟರೆ ಹೇಗೆ? ಶಾಸನವನ್ನು ಬೆಳಕಿಗೆ ತಂದ ಎಂ. ಎಚ್. ಕೃಷ್ಣ ಅವರು ಮೈಸೂರು ಪುರಾತತ್ವ ಇಲಾಖೆಯ 1936ರ ವಾರ್ಷಿಕ ವರದಿಯಲ್ಲಿ ಅದನ್ನು ಪ್ರಕಟಿಸಿದರು. ವರ್ಷಕ್ಕೊಮ್ಮೆ ಬರುವ ಇಂತಹ ವರದಿಯೂ ನಿಯತಕಾಲಿಕವೇ. ನಿನ್ನ ಓದು ಅಲ್ಲಿಂದ ಆರಂಭವಾಗಬೇಕಿತ್ತು.

ಸುದ್ದಿಯದು ಬೇರೆಯದೇ ಬಗೆ. ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಸಿಕ್ಕಿದ ಶಾಸನವೊಂದು ಸುಮಾರು ಕ್ರಿ.ಶ. 370ರದ್ದು, ಹಲ್ಮಿಡಿಗಿಂತ ಹಳೆಯದು ಎಂದು ಪತ್ರಿಕೆಗಳಲ್ಲಿ ಬಂದಿತ್ತಲ್ಲ, ಅದನ್ನು ನೀನೂ ಉಲ್ಲೇಖಿಸಿದ್ದೀಯೆ. ಆ ಸುದ್ದಿಯಿಂದ ಸಿದ್ಧವಾಗುವುದು ಹಾಗೊಂದು ವಾದ ಮಂಡನೆಯಾಯಿತು ಎಂಬುದು ಮಾತ್ರ. ವಾದ ನಿಲ್ಲುತ್ತದೆಯೇ ಎಂದು ತಿಳಿಯಲು ಶಾಸನದ ಪಾಠವನ್ನು ಸಾಲುಸಾಲಾಗಿ ಕೊಟ್ಟು, ಕಲ್ಲಿನ ಮೇಲಿನ ಅಕ್ಷರಗಳನ್ನು ಕಾಗದಕ್ಕೆ ಇಳಿಸಿಕೊಂಡ ಪಡಿಯಚ್ಚನ್ನು ಮುದ್ರಿಸಿ, ಅಕ್ಷರಗಳ ರೂಪವನ್ನು ಚರ್ಚಿಸಿರುವ ಲೇಖನವನ್ನೇ ಹುಡುಕಬೇಕು. ಹಾಗೆಂದು ಹಳೆಯ ಸುದ್ದಿಪತ್ರಿಕೆಯನ್ನು ಕೀಳೆಂದು ತಿಳಿಯಬೇಡ. ಹತ್ತೊಂಬತ್ತನೆಯ ಶತಮಾನದ ಕನ್ನಡ ಗದ್ಯ ನಿನ್ನ ವಿಷಯವಾಗಿದ್ದರೆ, 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರತಂದ ‘ಮಂಗಳೂರ ಸಮಾಚಾರ’ವೇ ನಿನಗೆ ಮೂಲ ಆಕರವಾಗುತ್ತಿತ್ತು.

ನಿಮ್ಮ ಗ್ರಂಥಾಲಯದ ಕಂಪ್ಯೂಟರಿನಲ್ಲಿ ‘ವಿದ್ವತ್ ಪತ್ರಿಕೆ’ ಎಂಬ ಗುರುತನ್ನು ಒತ್ತಿದರೆ ಎಲ್ಲವೂ ಬೇರೆಯಾಗಿ ಬರುತ್ತದೆ ಎಂದು ಬರೆದಿದ್ದೀಯೆ. ಇಂಗ್ಲಿಷ್ ಜರ್ನಲುಗಳಿಗೆ ಅದು ಬಹುಮಟ್ಟಿಗೆ ಸರಿ, ಅಲ್ಲಿ ವಿಷಯತಜ್ಞರು ಪರಿಶೀಲಿಸಿದ ಮೇಲೆಯೇ ಲೇಖನ ಅಚ್ಚಾಗುತ್ತದೆ. ಆದರೂ ಅದೇ ಸಂಚಿಕೆಯಲ್ಲಿರುವ ಸಂಪಾದಕೀಯಕ್ಕೂ ಪುಸ್ತಕ ವಿಮರ್ಶೆಗೂ ಆ ಪರೀಕ್ಷೆ ಸಾಮಾನ್ಯವಾಗಿ ಇರುವುದಿಲ್ಲ. ಕನ್ನಡದಲ್ಲಂತೂ ರಕ್ಷಾಪುಟ ನೋಡಿ ಬೆಲೆ ಕಟ್ಟಲಾಗದು. 1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಆರಂಭಿಸಿದ ‘ಪ್ರಬುದ್ಧ ಕರ್ಣಾಟಕ’ದ ಹಳೆಯ ಸಂಪುಟವೊಂದನ್ನು ಬಿಡಿಸಿ ನೋಡು, ಪಾಂಡಿತ್ಯದ ಲೇಖನದ ಪಕ್ಕದಲ್ಲಿಯೇ ಕವಿತೆಯಿರುತ್ತದೆ, ವಿಮರ್ಶೆಯಿರುತ್ತದೆ. ಆದ್ದರಿಂದ ಪತ್ರಿಕೆಯನ್ನಲ್ಲ, ಆ ಒಂದು ಬರಹವನ್ನು ಪರೀಕ್ಷಿಸಬೇಕು. ಬರೆದವರು ಆಕರಗಳನ್ನು ತಾವೇ ನೋಡಿದ್ದಾರೆಯೇ, ತಮಗಿಂತ ಹಿಂದಿನವರಿಗೆ ಉತ್ತರ ಕೊಟ್ಟಿದ್ದಾರೆಯೇ, ಯಾರಿಗಾಗಿ ಬರೆದಿದ್ದಾರೆ ಎಂದು ಕೇಳಿಕೊ. ವಿಮರ್ಶೆಯನ್ನು ಓದಿ ಮೂಲ ಪುಸ್ತಕವನ್ನೇ ಓದಿದವನಂತೆ ಉಲ್ಲೇಖಿಸುವ ಚಟ ನನಗೂ ಎಂ.ಎ. ಓದುವಾಗ ಇತ್ತು. ಗುರುಗಳು ತುಂಬಿದ ತರಗತಿಯಲ್ಲಿ, ಆ ಪುಸ್ತಕದ ಎರಡನೆಯ ಅಧ್ಯಾಯದಲ್ಲಿ ಏನಿದೆ ಎಂದು ಕೇಳಿದ ದಿನ ಅದು ಬಿಟ್ಟುಹೋಯಿತು.

ಕರಡನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಐದು ಅಡಿಟಿಪ್ಪಣಿಗಳಲ್ಲಿ ಮೂರಕ್ಕೆ ಬೇರೆ ಆಧಾರ ಬೇಕು, ಎರಡನ್ನು ‘ಪತ್ರಿಕಾ ವರದಿಯಂತೆ’ ಎಂದು ತಿದ್ದಿದರೆ ಸಾಕು. 1936ರ ವರದಿ ಅಲ್ಲಿ ಸಿಗದಿದ್ದರೆ ತಿಳಿಸು, ನಮ್ಮ ಹಳೆಯ ಗ್ರಂಥಾಲಯದಲ್ಲಿ ಕೇಳಿ ಜೆರಾಕ್ಸ್ ಮಾಡಿಸಿ ಕಳುಹಿಸುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ