ಯಂತ್ರ ನಿಜ ಹೇಳಬೇಕು

ಮಾನ್ಯ ಸಂಪಾದಕರೇ,

ಇಂಟರ್ಫೇಸ್ (ನಾವೂ ಯಂತ್ರವೂ, ಇಲ್ಲವೇ ಯಂತ್ರ ಯಂತ್ರಗಳೇ ಮಾತಾಡಿಕೊಳ್ಳುವ ವ್ಯವಸ್ಥೆ) ಅಂದಕೂಡಲೇ ಪರದೆ, ಬಣ್ಣದ ಬಟನ್ನು ಅಂತಲೇ ನಮಗೆ ನೆನಪಾಗುತ್ತದೆ. ಆದರೆ ದಿನಾ ಬಳಸುವ ಯುಪಿಐನ ಕೊನೇ ‘ಐ’ ಕೂಡ ಇಂಟರ್ಫೇಸೇ, ಅದು ಕಣ್ಣಿಗೇ ಬೀಳುವುದಿಲ್ಲ. ಇಲ್ಲಿ ಖಡೇಬಜಾರಿನಲ್ಲಿ ಗಿರಾಕಿಯ ಆಪ್ ಯಾವುದೋ ಕಂಪನಿಯದು, ಅವನ ಖಾತೆ ಒಂದು ಬ್ಯಾಂಕಿನಲ್ಲಿ, ಅಂಗಡಿಯವರದು ಇನ್ನೊಂದರಲ್ಲಿ, ಆದರೂ ದುಡ್ಡು ಸರಿಯಾಗಿ ಸೇರುತ್ತದೆ. ಯಾಕೆಂದರೆ ಒಬ್ಬರ ಕಂಪ್ಯೂಟರ್ ಇನ್ನೊಬ್ಬರದನ್ನು ಹೇಗೆ ಕೇಳಬೇಕು, ಅದು ಹೇಗೆ ಉತ್ತರ ಕೊಡಬೇಕು ಅನ್ನುವುದು 2016ರಿಂದ ಎಲ್ಲರಿಗೂ ಒಂದೇ. ಬ್ಯಾಂಕು ಒಳಗೆ ತನ್ನ ಕಂಪ್ಯೂಟರನ್ನೇ ಬದಲಿಸಲಿ, ಅಂಗಡಿಯವರಿಗೆ ಗೊತ್ತೂ ಆಗುವುದಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಮಾತಾಡುವ ಸೌಂಡ್‌ಬಾಕ್ಸ್. ಕಾಯಿಪಲ್ಲೆ ತೂಗುವ ಅವ್ವನಿಗೆ ಮೊಬೈಲ್ ನೋಡುವಷ್ಟು ಪುರುಸೊತ್ತು ಎಲ್ಲಿದೆ? ಗಿರಾಕಿ ತನ್ನ ಮೊಬೈಲಿನ ಹಸಿರು ಟಿಕ್ ತೋರಿಸಿದರೂ ಡಬ್ಬಿ ಬಾಯಿ ಬಿಡುವ ತನಕ ಆಕೆ ಚೀಲ ಕೊಡುವುದಿಲ್ಲ. ಹಣ ಬಂದ ಸುದ್ದಿ ಸರ್ವರ್‌ನಿಂದ ತಲುಪಿದರೆ ಮಾತ್ರ ಅದು ಮಾತಾಡುತ್ತದೆ, ಗಿರಾಕಿ ಬಟನ್ ಒತ್ತಿದ್ದಕ್ಕಲ್ಲ. (ಕನ್ನಡದಲ್ಲೋ ಮರಾಠಿಯಲ್ಲೋ, ಅದು ಅವರವರ ಇಷ್ಟ.)

ಈಗ ನಮ್ಮ ಭಾಗದ ಒಂದು ಬ್ಯಾಂಕ್ ಶಾಖೆಯ ಪಾಸ್‌ಬುಕ್ ಯಂತ್ರ ನೋಡಿ. ಕನ್ನಡ ಒತ್ತಿದರೆ ಮೊದಲ ಪುಟ ಕನ್ನಡ, ಮುಂದಿನದು ಇಂಗ್ಲಿಷ್. ಅದನ್ನೂ ಸಹಿಸಬಹುದು. ಒಂದು ಸಾಲೂ ಅಚ್ಚಾಗದೆ ಪುಸ್ತಕ ಖಾಲಿ ಹೊರಗೆ ಬರುತ್ತದೆ, ಪರದೆಯಲ್ಲಿ ಮಾತ್ರ ‘ಪೂರ್ಣಗೊಂಡಿದೆ’! ಒಳಗೆ ಹೋಗಿ ಕೇಳಿದರೆ ‘ನೀವೇ ಸರಿಯಾಗಿ ಇಟ್ಟಿಲ್ಲ’ ಅನ್ನುತ್ತಾರೆ.

ಇದು ಸಣ್ಣ ವಿಷಯ ಅಂತ ಬಿಡಬೇಡಿ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಒಂದು ವಾಲ್ವ್ ತೆರೆದೇ ಸಿಕ್ಕಿಕೊಂಡಿತ್ತು. ನಿಯಂತ್ರಣ ಕೋಣೆಯ ಫಲಕದ ದೀಪ ಆರಿದ್ದರಿಂದ ವಾಲ್ವ್ ಮುಚ್ಚಿದೆ ಅಂತ ಅಲ್ಲಿನ ಸಿಬ್ಬಂದಿ ಅಂದುಕೊಂಡರು. ಆ ದೀಪ ಹೇಳುತ್ತಿದ್ದುದು ಮುಚ್ಚುವ ಆದೇಶ ಹೋಗಿದೆ ಅಂತಷ್ಟೇ, ವಾಲ್ವ್ ಮುಚ್ಚಿತೋ ಇಲ್ಲವೋ ಅಂತಲ್ಲ. ತಂಪಿಡುವ ನೀರು ಗಂಟೆಗಟ್ಟಲೆ ಸೋರಿ, ರಿಯಾಕ್ಟರಿನ ಒಳಭಾಗ ಅರ್ಧಂಬರ್ಧ ಕರಗಿಹೋಯಿತು. ಕೆಟ್ಟಿದ್ದು ವಾಲ್ವ್ ನಿಜ, ಆದರೆ ಎದುರಿಗೆ ಕೂತವರ ದಾರಿ ತಪ್ಪಿಸಿದ್ದು ಆ ದೀಪ.

ಹಾಗಾಗಿ ಬ್ಯಾಂಕುಗಳಿಗೂ ಕಚೇರಿಗಳಿಗೂ ಒಂದೇ ವಿನಂತಿ. ಯಂತ್ರ ಕೂರಿಸುವ ಮುಂಚೆ ಪಿಂಚಣಿಗೆ ಬರುವ ಹಿರಿಯರ ಕೈಯಲ್ಲಿ ಒಮ್ಮೆ ಮಾಡಿಸಿ ನೋಡಿ, ಪಕ್ಕದಲ್ಲಿ ನಿಂತು ಹೇಳಿಕೊಡಬೇಡಿ. ಕೆಲಸ ಆಗದಿದ್ದರೆ ‘ಆಗಿಲ್ಲ’ ಅಂತ ಕನ್ನಡದಲ್ಲೇ ತೋರಿಸಲಿ, ಯಾಕೆ ಆಗಿಲ್ಲ, ಮುಂದೆ ಯಾವ ಕೌಂಟರಿಗೆ ಹೋಗಬೇಕು ಅನ್ನುವುದನ್ನೂ ಸೇರಿಸಿ.

— ಓದುಗ, ಬೆಳಗಾವಿ