ಬರೆದವರ ಹೆಸರೂ ಇರಲಿ

ಅಮೆರಿಕದ ಕೌಟುಂಬಿಕ ಹಾಸ್ಯ ಧಾರಾವಾಹಿಗಳ ಕುರಿತು ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ನಟ–ನಟಿಯರ ಹೆಸರಷ್ಟೇ ಇದ್ದು, ಅವನ್ನು ಬರೆದು ಕಟ್ಟಿದವರ ಪ್ರಸ್ತಾಪವೇ ಇಲ್ಲದಿರುವುದು ಬೇಸರ ತರಿಸಿತು.

1951ರಲ್ಲಿ ಆರಂಭವಾದ ‘ಐ ಲವ್ ಲೂಸಿ’ ಎಂದರೆ ಲೂಸಿಲ್ ಬಾಲ್ ಅವರನ್ನಷ್ಟೇ ನೆನೆಯುತ್ತೇವೆ. ಆಕೆಯ ಬಾಯಿಗೆ ಮಾತು ಕೊಟ್ಟವರು ಜೆಸ್ ಆಪನ್‌ಹೈಮರ್, ಮ್ಯಾಡೆಲಿನ್ ಪ್ಯೂ ಮತ್ತು ಬಾಬ್ ಕ್ಯಾರಲ್. ಎದುರಿಗೇ ಪ್ರೇಕ್ಷಕರನ್ನು ಕೂರಿಸಿಕೊಂಡು ಮೂರು ಕ್ಯಾಮೆರಾಗಳನ್ನು ಒಟ್ಟಿಗೆ ಓಡಿಸುವಾಗ, ಯಾವ ಕೋನದಿಂದಲೂ ಮುಖ ಮಸುಕಾಗದಂತೆ ಇಡೀ ಸೆಟ್ಟಿಗೆ ಸಮನಾಗಿ ಬೆಳಕು ಹರಡಿದವರು ಛಾಯಾಗ್ರಾಹಕ ಕಾರ್ಲ್ ಫ್ರಾಯ್ಂಡ್. ಫಿಲ್ಮಿನಲ್ಲಿ ಚಿತ್ರೀಕರಿಸಿದ್ದರಿಂದಲೇ ಆ ಕಂತುಗಳು ಇಂದಿಗೂ ಅಷ್ಟು ಸ್ಪಷ್ಟವಾಗಿ ಉಳಿದಿವೆ. ಬರಹಗಾರ, ನಿರ್ಮಾಪಕ ನಾರ್ಮನ್ ಲಿಯರ್ ಅವರಂತೂ 1971ರಲ್ಲಿ ‘ಆಲ್ ಇನ್ ದ ಫ್ಯಾಮಿಲಿ’ ಮೂಲಕ ವರ್ಣದ್ವೇಷ, ವಿಯೆಟ್ನಾಂ ಯುದ್ಧದ ಜಗಳಗಳನ್ನು ನಡುಮನೆಗೇ ತಂದು ನಿಲ್ಲಿಸಿದರು. ಎಂಥ ಧೈರ್ಯ ಅದು! 2023ರಲ್ಲಿ ಅಲ್ಲಿನ ಬರಹಗಾರರು 148 ದಿನ ಮುಷ್ಕರ ಹೂಡಿದಾಗ ಹೊಸ ಕಂತುಗಳೇ ತಡವಾದವು.

ಧಾರಾವಾಹಿಗಳ ಬಗೆಗಿನ ಲೇಖನ, ವಿಮರ್ಶೆಗಳಲ್ಲಿ ಬರಹಗಾರರ ಮತ್ತು ತಂತ್ರಜ್ಞರ ಹೆಸರನ್ನೂ ಪತ್ರಿಕೆ ತಪ್ಪದೆ ಮುದ್ರಿಸಲಿ. ನಮ್ಮ ಕನ್ನಡ ಧಾರಾವಾಹಿಗಳ ಸಂಭಾಷಣೆಕಾರರಿಗೂ ಇದೇ ಮನ್ನಣೆ ಸಿಗಬೇಕು.

– ನಿವೃತ್ತ ಶಿಕ್ಷಕಿ, ಶಿವಮೊಗ್ಗ