ಇಪ್ಪತ್ನಾಲ್ಕರಿಂದ ಗುಣಿಸುವ ಮೊದಲು

ಚಿ. ಸ್ಮಿತಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಮೊನ್ನೆ ಕೈಸೇರಿತು. ಮನೆಯ ವಿಷಯ, ಸಾಲದ ವಿಷಯ ನಿನಗೂ ಗೊತ್ತು, ನನಗೂ ಗೊತ್ತು, ಅದನ್ನು ಬಿಡುವ. ಎಲ್ಲ ಬರೆದು ಮುಗಿಸಿ ಸಹಿ ಹಾಕಿದ ಮೇಲೆ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, "ಎರಡು ವರ್ಷ ಅಲ್ಲಿ ಪಾಠ ಮಾಡಿಯೂ ಬರಿಗೈಯಲ್ಲಿ ಬಂದರೆ ಏನು ಮಾಡಲಿ ದೊಡ್ಡಮ್ಮಾ" ಎಂದು, ಅದು ನನ್ನನ್ನು ಎರಡು ದಿನದಿಂದ ನೆಮ್ಮದಿಯಾಗಿ ಕೂರಲು ಬಿಟ್ಟಿಲ್ಲ. ಹಾಗೆಲ್ಲ ಆಗುವುದಿಲ್ಲ ಮಗಾ, ಧೈರ್ಯವಾಗಿ ಹೋಗು ಎಂದು ಎರಡು ಗೆರೆ ಗೀಚಿ ಮುಗಿಸಬಹುದಿತ್ತು. ಆದರೆ ಹಾಗೆ ಆಗುತ್ತದೆ. ದುಬೈ, ಶಾರ್ಜಾದ ಇಂಡಿಯನ್ ಶಾಲೆಗಳ ಸ್ಟಾಫ್ ರೂಮಿನಲ್ಲಿ ಆ ಭಯ ಇಲ್ಲದವರು ಕಡಿಮೆ. ಬಾಯಿಬಿಟ್ಟು ಹೇಳುವವರು ಇನ್ನೂ ಕಡಿಮೆ. ನೀನು ಹೋಗುವ ಮೊದಲೇ ಹೇಳಿದೆ, ಅದು ಒಳ್ಳೆಯದಾಯಿತು.

ದುಬೈ ಶಾಲೆಯವರು ಕೊಟ್ಟ ಆಫರ್ ಲೆಟರಿನ ಪ್ರತಿಯನ್ನು ಮೂರು ಸಲ ಓದಿದೆ. ಬೇಸಿಕ್ 2,000, ಮನೆ ಭತ್ಯೆ 1,500, ಓಡಾಟಕ್ಕೆ 500, ಒಟ್ಟು 4,000 ದಿರ್ಹಮ್. ಪಕ್ಕದಲ್ಲಿ ಪೆನ್ಸಿಲಿನಲ್ಲಿ 96,000 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀಯ. ದಿರ್ಹಮಿಗೆ 24 ರೂಪಾಯಿ ಹಿಡಿದಿರಬೇಕು. ಲೆಕ್ಕ ತಪ್ಪಲ್ಲ, ಗುಣಿಸಿದ ಜಾಗ ತಪ್ಪು. ಸಂಬಳವನ್ನು ರೂಪಾಯಿಯಲ್ಲಿ ನೋಡಿ, ಖರ್ಚನ್ನು ದಿರ್ಹಮಿನಲ್ಲಿ ಮಾಡಿದರೆ ತಿಂಗಳ ಕೊನೆಗೆ ದುಡ್ಡು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಮೊದಲು ಕಳೆ, ಆಮೇಲೆ ಗುಣಿಸು.

ಕಳೆದು ನೋಡುವ. ಅಲ್ ಖುಸೈಸ್, ಅಲ್ ನಹ್ದಾ ಕಡೆ ಇಬ್ಬರು ಹೆಂಗಸರು ಇರುವ ಕೋಣೆಯಲ್ಲಿ ಒಂದು ಬೆಡ್ ಸ್ಪೇಸಿಗೆ (ಒಂದು ಮಂಚದ ಜಾಗಕ್ಕೆ), ಕರೆಂಟು, ನೀರು, ವೈಫೈ ಸೇರಿ, 1,000 ಇಟ್ಟುಕೊ. ನೀನೇ ಅಡಿಗೆ ಮಾಡಿಕೊಂಡರೆ ಊಟಕ್ಕೆ 600. ವಾರಕ್ಕೆ ಎರಡು ಸಲ ಹೋಟೆಲು ಎಂದರೆ ಅದು 800 ದಾಟುತ್ತದೆ. ಮೆಟ್ರೊ, ಬಸ್ಸಿಗೆ ನೋಲ್ ಕಾರ್ಡಿನಲ್ಲಿ ಎರಡು ಜೋನಿನ ತಿಂಗಳ ಪಾಸು 230. ಶಾಲೆಯ ಬಸ್ಸಿನಲ್ಲಿ ಟೀಚರುಗಳನ್ನು ಹತ್ತಿಸಿಕೊಂಡರೆ ಅಷ್ಟೂ ಉಳಿಯಿತು, ಕೇಳಿ ನೋಡು. ಫೋನಿಗೆ 100. ಸೋಪು, ಔಷಧಿ, ಸ್ಟಾಫ್ ರೂಮಿನ ಹುಟ್ಟುಹಬ್ಬಗಳಿಗೆ ವಂತಿಗೆ (ಅದು ತಿಂಗಳು ತಪ್ಪದೆ ಬರುತ್ತದೆ ಮಾರಾಯ್ತಿ) ಎಂದು 200. ಒಟ್ಟು 2,130. ಉಳಿಯುವುದು 1,870. ಅದರಲ್ಲಿ 370ನ್ನು ಟಿಕೆಟ್ಟಿಗೆ, ಹಲ್ಲುನೋವಿಗೆ ಎಂದು ಅಲ್ಲೇ ಬಿಡು. ಊರಿಗೆ ಕಳಿಸಲು ಸಿಗುವುದು 1,500. ಅದನ್ನು 24ರಿಂದ ಗುಣಿಸು, 36,000. ನಿನ್ನ ನಿಜವಾದ ಸಂಬಳ ಇಷ್ಟು. ಮೊದಲ ಮೂರು ತಿಂಗಳು ಅದೂ ಸಿಗುವುದಿಲ್ಲ, ಹಾಸಿಗೆ, ಪಾತ್ರೆ, ಬಟ್ಟೆ ಎಂದು ಕರಗುತ್ತದೆ. ಉಳಿದ 21 ತಿಂಗಳಿಗೆ 31,500 ದಿರ್ಹಮ್, ಅಂದರೆ ಏಳೂವರೆ ಲಕ್ಷ ರೂಪಾಯಿ.

ಈಗ ಹೇಳು, ಇದು ಬರಿಗೈಯಾ? ಅಲ್ಲ. ಆದರೆ ಮನಸ್ಸಿನಲ್ಲಿ 96,000ವನ್ನು 24 ತಿಂಗಳಿಗೆ ಗುಣಿಸಿ 23 ಲಕ್ಷ ಎಂದು ಕಟ್ಟಿಕೊಂಡು ಹೋದವರಿಗೆ ಏಳೂವರೆ ಬರಿಗೈಯಂತೆಯೇ ಕಾಣುತ್ತದೆ. ಬ್ರಿಟಿಷ್ ಪಠ್ಯಕ್ರಮದ ಶಾಲೆಯವರಿಗೆ ಇದರ ಎರಡು ಮೂರು ಪಟ್ಟು ಸಂಬಳ, ಮೇಲೆ ಮನೆ ಬೇರೆ ಕೊಡುತ್ತಾರೆ ಎಂದು ಯಾರಾದರೂ ಹೇಳಿಯಾರು. ಹೌದು, ಕೊಡುತ್ತಾರೆ. ಅಲ್ಲಿ ಮಕ್ಕಳ ಫೀಸೂ ಹಾಗೇ ಇದೆ. ಸಿಬಿಎಸ್‌ಇ ಶಾಲೆಗಳ ಫೀಸು ಕಡಿಮೆ, ದುಬೈಯಲ್ಲಿ ಅದನ್ನು ಏರಿಸಲು ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೆಎಚ್‌ಡಿಎ ಒಪ್ಪಬೇಕು. ಸಂಬಳ ಅಲ್ಲಿಗೇ ಸಿಕ್ಕಿಬಿದ್ದಿರುತ್ತದೆ. ನಿನ್ನ ಇಂಗ್ಲಿಷು ಅವರದ್ದಕ್ಕಿಂತ ಕಡಿಮೆ ಎಂದಲ್ಲ.

ಆ ಬೇಸಿಕ್ 2,000 ನನಗೆ ಸರಿ ಕಾಣಲಿಲ್ಲ. ಒಟ್ಟು 4,000 ಹಾಗೇ ಇರಲಿ, ಬೇಸಿಕ್ಕನ್ನು 3,000ಕ್ಕೆ ಏರಿಸಿ ಭತ್ಯೆ ತಗ್ಗಿಸಿ ಎಂದು ವಿನಯದಿಂದ ಒಂದು ಮೇಲ್ ಹಾಕು. ಗ್ರಾಚ್ಯುಟಿ ಕೊಡುವುದು ಬೇಸಿಕ್ಕಿನ ಮೇಲೆ ಮಾತ್ರ. ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ವರ್ಷಕ್ಕೆ 30 ದಿನದ್ದು. 2,000 ಆದರೆ ವರ್ಷಕ್ಕೆ 1,400, 3,000 ಆದರೆ 2,100. ಒಂದು ವರ್ಷ ತುಂಬುವ ಮೊದಲು ಬಿಟ್ಟರೆ ಏನೂ ಇಲ್ಲ. ವರ್ಷ ತುಂಬಿದ ಮೇಲೆ ನೀನಾಗಿ ರಾಜೀನಾಮೆ ಕೊಟ್ಟರೂ ಪೂರ್ತಿ ಕೊಡಬೇಕು, 14 ದಿನದೊಳಗೆ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾನೂನು ಅದು. ಕೆಲಸ ಹೋದರೆ ಸಿಗುವ ಐಎಲ್‌ಒಇ ವಿಮೆಯೂ ಬೇಸಿಕ್ಕಿನ ಮೇಲೆಯೇ, ಅದರ ಶೇ. 60, ಹೆಚ್ಚೆಂದರೆ ಮೂರು ತಿಂಗಳು. ತಿಂಗಳಿಗೆ 5 ದಿರ್ಹಮಿನ ಲೆಕ್ಕದ ವಿಮೆ, ಮಾಡಿಸದಿದ್ದರೆ 400 ದಂಡ. 12 ತಿಂಗಳು ಕಟ್ಟಿರಬೇಕು, ತಾನಾಗಿ ಬಿಟ್ಟವರಿಗೆ ಇಲ್ಲ. ನನ್ನ ಕಾಲದಲ್ಲಿ ಬೇಸಿಕ್ ಎಷ್ಟು ಎಂದು ಕೇಳುವುದೇ ದುರಾಸೆ ಅನ್ನಿಸುತ್ತಿತ್ತು. ಕೇಳಬೇಕಿತ್ತು.

ಮತ್ತೆ ನಿನ್ನ ಆ ಸಾಲಿಗೇ ಬರುತ್ತೇನೆ. ಬರಿಗೈ ಆಗುವುದು ಊಟದ ಖರ್ಚಿನಿಂದಲ್ಲ. ಮೂರನೆಯ ತಿಂಗಳಿಗೆ ಬೆಡ್ ಸ್ಪೇಸ್ ಬೇಸರವಾಗುತ್ತದೆ. ಗೆಳತಿಯೊಬ್ಬಳು "ನಾವಿಬ್ಬರೂ ಸೇರಿ ಒಂದು ಸ್ಟುಡಿಯೋ ಹಿಡಿಯೋಣ" ಅನ್ನುತ್ತಾಳೆ. ವರ್ಷಕ್ಕೆ 40,000ದ ಸ್ಟುಡಿಯೋ ಎಂದುಕೊ. ಬಾಡಿಗೆಗೆ ಮುಂದಿನ ತಾರೀಕಿನ ನಾಲ್ಕು ಚೆಕ್ಕು ಕೊಡಬೇಕು, ಮೊದಲನೆಯದು 10,000. ಡೆಪಾಸಿಟ್ಟು ಶೇ. 5, ಅಂದರೆ 2,000. ಬ್ರೋಕರಿಗೆ ಇನ್ನೊಂದು 2,000. ದೇವಾಗೆ (ಅಲ್ಲಿ ಕರೆಂಟು, ನೀರಿನ ಇಲಾಖೆಗೆ ಹೀಗೇ ಅನ್ನುವುದು) ಡೆಪಾಸಿಟ್ಟು 2,000. ಎಜಾರಿ ಎಂದು ಬಾಡಿಗೆ ಕರಾರಿನ ನೋಂದಣಿ ಬೇರೆ. ಹಾಸಿಗೆ ಕೊಳ್ಳುವ ಮೊದಲೇ 16,000 ದಾಟಿತು. ಆಮೇಲೆ ತಿಂಗಳ ದೇವಾ ಬಿಲ್ಲಿನಲ್ಲಿ ವರ್ಷದ ಬಾಡಿಗೆಯ ಶೇ. 5ರಷ್ಟು ಹೌಸಿಂಗ್ ಫೀ ಹನ್ನೆರಡು ಪಾಲಾಗಿ ಬರುತ್ತದೆ, ಅದನ್ನು ಯಾರೂ ಮೊದಲು ಹೇಳುವುದಿಲ್ಲ. ಅರ್ಧ ನಿನ್ನ ಪಾಲು ಎಂದರೂ ಎರಡು ತಿಂಗಳ ಸಂಬಳ.

ಅಷ್ಟು ದುಡ್ಡು ಎಲ್ಲಿದೆ? ಬ್ಯಾಂಕಿನಲ್ಲಿದೆ. ಸಂಬಳ ಖಾತೆಗೆ ಬೀಳಲು ಶುರುವಾದ ಮೇಲೆ ಅವರೇ ಫೋನು ಮಾಡುತ್ತಾರೆ. ಸಂಬಳದ 20 ಪಟ್ಟಿನವರೆಗೆ ಸಾಲ, 48 ಕಂತು, ಸಂಬಳದ ಅರ್ಧದವರೆಗೆ ಕಂತಿಗೆ ಕಡಿತ, ಇಷ್ಟಕ್ಕೆ ಅಲ್ಲಿನ ಸೆಂಟ್ರಲ್ ಬ್ಯಾಂಕೇ ಅವಕಾಶ ಕೊಟ್ಟಿದೆ. ನಿನ್ನ ಕರಾರು 24 ತಿಂಗಳಿನದು, ಸಾಲ 48 ತಿಂಗಳಿನದು. ಎರಡು ವರ್ಷಕ್ಕೆಂದು ಹೋದವರು ಹನ್ನೆರಡು ವರ್ಷ ಇರುವುದು ಹೀಗೆ. ಸಾಲ ತೀರದೆ ಕೆಲಸ ಬಿಟ್ಟರೆ ಗ್ರಾಚ್ಯುಟಿ ಖಾತೆಗೆ ಬಿದ್ದ ಕೂಡಲೇ ಬ್ಯಾಂಕು ಹಿಡಿದಿಟ್ಟುಕೊಳ್ಳುವುದು ಸಾಮಾನ್ಯ. ಕ್ರೆಡಿಟ್ ಕಾರ್ಡು ಬೇಡ, ಕಂತಿನ ಚಿನ್ನವಂತೂ ಬೇಡವೇ ಬೇಡ. ನಾನು ಹೇಳಿದರೆ ನಗು ಬರಬಹುದು ನಿನಗೆ, ನಗು.

ದುಡ್ಡು ಕಳಿಸುವ ವಿಷಯ. ಸಂಬಳ ಬಂದ ದಿನವೇ 1,500 ಹೊರಟುಹೋಗಲಿ. ರೇಟು ಏರಲಿ ಎಂದು ಕಾದು ಕೂತರೆ ಅಷ್ಟರಲ್ಲಿ ಅರ್ಧ ಖರ್ಚಾಗಿರುತ್ತದೆ. ದಿರ್ಹಮ್ 1997ರಿಂದ ಡಾಲರಿಗೆ 3.6725ರ ಲೆಕ್ಕದಲ್ಲಿ ಕಟ್ಟಿಹಾಕಿದ ಹಣ, ಏರಿಳಿತ ಏನಿದ್ದರೂ ನಮ್ಮ ರೂಪಾಯಿಯದು. ಎಕ್ಸ್‌ಚೇಂಜಿನವರು ಹೇಳುವ ಕಮಿಷನ್ ಮಾತ್ರ ನೋಡಬೇಡ, ರೇಟಿನಲ್ಲೂ ಹಿಡಿದಿರುತ್ತಾರೆ. ಇಷ್ಟು ಕೊಟ್ಟರೆ ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ ಎಂದು ಎರಡು ಕಡೆ ಕೇಳು. ಮತ್ತೆ, ಹೇಳಲೋ ಬೇಡವೋ ಎಂದು ಯೋಚಿಸಿದೆ, ಹೇಳಿಯೇ ಬಿಡುತ್ತೇನೆ: ದುಡ್ಡು ಮೊದಲು ನಿನ್ನ ಹೆಸರಿನ ಎನ್‌ಆರ್‌ಇ ಖಾತೆಗೆ (ವಿದೇಶದಲ್ಲಿ ದುಡಿದದ್ದನ್ನು ಇಡಲು ಅನಿವಾಸಿಗಳಿಗೆ ಇರುವ ಖಾತೆ) ಬೀಳಲಿ. ಮನೆಗೆ ಅಲ್ಲಿಂದ ಕೊಡು, ಎಷ್ಟು ಬೇಕಾದರೂ ಕೊಡು, ಆದರೆ ಅಲ್ಲಿಂದ. ಬೇರೆಯವರ ಖಾತೆಗೆ ಹೋದ ನನ್ನ ದುಡ್ಡಿನ ಕಥೆ ನಿನ್ನ ಅಪ್ಪನಿಗೆ ಗೊತ್ತು. ಯಾರೂ ಮೋಸ ಮಾಡಲಿಲ್ಲ, ಆದರೂ ಒಂದು ಸಾಲಿನ ಲೆಕ್ಕ ನನ್ನ ಹತ್ತಿರ ಉಳಿಯಲಿಲ್ಲ. ಎನ್‌ಆರ್‌ಇ ಎಫ್‌ಡಿ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಈಗಿರುವ ನಿನ್ನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಇಲ್ಲಿನ ಆದಾಯಕ್ಕೆ ಅನಿವಾಸಿಗಳ ಖಾತೆ) ಮಾಡಿಸಬೇಕು. ಏಪ್ರಿಲ್‌ನಲ್ಲಿ ಹೊರಡುವುದರಿಂದ ಆ ಆರ್ಥಿಕ ವರ್ಷದಲ್ಲಿ ಇಲ್ಲಿ 182 ದಿನ ಆಗುವುದಿಲ್ಲ, ನೀನು ಅನಿವಾಸಿ ಎಂದೇ ಲೆಕ್ಕ, ಅಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆಯ ತಲೆನೋವೂ ಇಲ್ಲ.

ಜುಲೈ, ಆಗಸ್ಟ್ ರಜೆಗೆ ಮೊದಲ ವರ್ಷದವರಿಗೆ ಸಂಬಳ ಕೊಡುತ್ತಾರಾ ಎಂಬುದು ನಿನ್ನ ಆಫರಿನಲ್ಲಿ ಎಲ್ಲೂ ಇಲ್ಲ. ಬರವಣಿಗೆಯಲ್ಲಿ ಕೇಳು. ಏಪ್ರಿಲ್‌ನಲ್ಲಿ ಸೇರಿದವರಿಗೆ ಎರಡು ತಿಂಗಳು ಅರ್ಧ ಸಂಬಳ ಎಂದರೆ 4,000 ದಿರ್ಹಮ್ ಹೋಯಿತು, ಮೇಲೆ ಮಾಡಿದ ಲೆಕ್ಕವೆಲ್ಲ ಕುಸಿಯುತ್ತದೆ. ಮಂಗಳೂರಿನ ಟಿಕೆಟ್ಟಿಗೂ ಶಾಲೆ ಮುಗಿಯುವ ಆ ವಾರವೇ ಬೆಂಕಿ ಬೆಲೆ. ಮೊದಲ ಬೇಸಿಗೆಗೆ ಬರದಿದ್ದರೂ ಅಮ್ಮ ಬೇಸರಿಸಲಾರಳು, ನಾನು ಹೇಳುತ್ತೇನೆ ಅವಳಿಗೆ.

ಏಜೆಂಟು ಒಂದೂವರೆ ಲಕ್ಷ ಕೇಳಿದ ಎಂದು ನೀನು ಅಷ್ಟು ಸಲೀಸಾಗಿ ಬರೆದಿದ್ದೀಯಲ್ಲ! ನೋಂದಾಯಿತ ಏಜೆಂಟು ತೆಗೆದುಕೊಳ್ಳಬಹುದಾದದ್ದು 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅಷ್ಟೇ. ಅವನ ಹೆಸರು ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಇದೆಯಾ ನೋಡು. ವೀಸಾ, ಮೆಡಿಕಲ್ಲು, ಎಮಿರೇಟ್ಸ್ ಐಡಿ ಖರ್ಚು ಶಾಲೆಯದು, ಸಂಬಳದಲ್ಲಿ ಮುರಿಯುವಂತಿಲ್ಲ. ನಾಲ್ಕು ತಿಂಗಳ ಉಳಿತಾಯವನ್ನು ವಿಮಾನ ಹತ್ತುವ ಮೊದಲೇ ಕಳೆದುಕೊಂಡು ಆಮೇಲೆ ಬರಿಗೈ ಎಂದು ಹೆದರಿದರೆ ಹೇಗೆ? ಎಂ.ಎ., ಬಿ.ಎಡ್. ಎರಡರ ಅಟೆಸ್ಟೇಶನನ್ನು (ದೃಢೀಕರಣದ ಮುದ್ರೆ ಹಾಕಿಸುವುದು) ಈಗಲೇ ಶುರುಮಾಡು: ಮೊದಲು ರಾಜ್ಯದ ಉನ್ನತ ಶಿಕ್ಷಣ ಇಲಾಖೆ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಅಲ್ಲಿ ಇಳಿದ ಮೇಲೆ ಅವರ ವಿದೇಶಾಂಗ ಸಚಿವಾಲಯ. ಅಪಾಸ್ಟೀಲ್ (ರಾಯಭಾರ ಕಚೇರಿಗೆ ಹೋಗದೆ ನಮ್ಮ ವಿದೇಶಾಂಗ ಸಚಿವಾಲಯದ ಒಂದೇ ಮುದ್ರೆ) ಸಾಕು ಎಂದು ಯಾರಾದರೂ ಹೇಳಿದರೆ ಅದು ಒಮಾನ್, ಬಹರೇನಿಗೆ. ಹೋಗುವಾಗ ಕೈಯಲ್ಲಿ 2,500 ದಿರ್ಹಮ್ ಇರಲಿ, ಮೊದಲ ಸಂಬಳಕ್ಕೆ ತಿಂಗಳು ಕಾಯಬೇಕು.

ಒಗ್ಗದೆ ಹೋದರೆ ಬಾ. ಪ್ರೊಬೇಷನ್ ಆರು ತಿಂಗಳಿಗಿಂತ ಹೆಚ್ಚು ಇಡುವಂತಿಲ್ಲ, ಅಷ್ಟರೊಳಗೆ ದೇಶ ಬಿಟ್ಟು ಬರುವುದಾದರೆ 14 ದಿನದ ನೋಟಿಸು ಸಾಕು. ಹೇಳದೆ ಮಾತ್ರ ಬರಬೇಡ, ಓಡಿಹೋದಳು ಎಂದು ಬರೆಸಿಬಿಡುತ್ತಾರೆ. ಪಾಸ್‌ಪೋರ್ಟು ನಿನ್ನ ಹತ್ತಿರವೇ ಇರಲಿ, ಶಾಲೆ ಇಟ್ಟುಕೊಳ್ಳುವುದು ಅಲ್ಲಿ ಕಾನೂನುಬಾಹಿರ. ಸಂಜೆ ಟ್ಯೂಷನ್ ಕೊಟ್ಟು ನಾಲ್ಕು ಕಾಸು ಮಾಡುವ ಯೋಚನೆ ಬಂದರೆ, 2023ರ ಡಿಸೆಂಬರಿನಿಂದ ಅದಕ್ಕೆ ಪ್ರತ್ಯೇಕ ಪರವಾನಗಿ ಇದೆ, ಎರಡು ವರ್ಷಕ್ಕೆ, ಉಚಿತ. ಅದನ್ನು ಮಾಡಿಸದೆ ಒಂದು ಮಗುವಿಗೂ ಪಾಠ ಹೇಳಬೇಡ. ನಾವೆಲ್ಲ ಬಾಗಿಲು ಹಾಕಿಕೊಂಡು, ಪಕ್ಕದ ಮನೆಯವರಿಗೆ ಕೇಳದ ಹಾಗೆ ಪಿಸುಗುಟ್ಟಿ ಗ್ರಾಮರ್ ಹೇಳಿದವರು.

ಕಾಗದ ಉದ್ದವಾಯಿತು, ಇಷ್ಟೆಲ್ಲ ಬರೆಯಬೇಕೆಂದು ಇರಲಿಲ್ಲ. ಬೇಸಿಕ್ ಬಗ್ಗೆ, ಬೇಸಿಗೆ ಸಂಬಳದ ಬಗ್ಗೆ ಅವರು ಏನು ಉತ್ತರ ಕೊಟ್ಟರು ಎಂದು ಸಹಿ ಹಾಕುವ ಮೊದಲು ನನಗೆ ಬರೆ. ಇನ್ನೊಂದು, ಅಮ್ಮ ಕೋಳಿ ಮಸಾಲೆ ಪುಡಿ ಕಟ್ಟಿಕೊಡದೆ ಬಿಡುವುದಿಲ್ಲ. ಅದರಲ್ಲಿ ಗಸಗಸೆ ಇರದ ಹಾಗೆ ನೀನೇ ಅಡಿಗೆಮನೆಯಲ್ಲಿ ನಿಂತು ನೋಡಿಕೊ. ಅಲ್ಲಿ ಅದು ನಿಷೇಧಿತ ಮಾದಕ ವಸ್ತುವಿನ ಲೆಕ್ಕ, ಚಿಟಿಕೆ ಗಸಗಸೆಗೂ ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ.

ಇಂತು ನಿನ್ನ ದೊಡ್ಡಮ್ಮ